ದಿನಚರಿಯ ಹೊರೆ ಮತ್ತು ಶ್ರಾವಕನ ನಿಯಮ

ಮನುಷ್ಯನು ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬ ಉಪದೇಶವು ಜೈನಸಮಾಜಕ್ಕೆ ಹೊಸದಲ್ಲ. ಶ್ರಾವಕಾಚಾರ ಗ್ರಂಥಗಳ ದೀರ್ಘ ಪರಂಪರೆಯು ಹುಟ್ಟಿರುವುದೇ ಆ ಉದ್ದೇಶದಿಂದ. ಆದರೆ ಕಳೆದ ಕೆಲವು ವರ್ಷಗಳಿಂದ ಇದೇ ಉಪದೇಶವು ಬೇರೊಂದು ಬಾಗಿಲಿನಿಂದ ನಮ್ಮ ಮನೆಗಳನ್ನು ಪ್ರವೇಶಿಸುತ್ತಿದೆ. ಚರ್ಚ್ ಸ್ಟ್ರೀಟಿನ ಅಂಗಡಿಗಳಿಂದ ಕೊಂಡುತಂದ ಇಂಗ್ಲಿಷ್ ಪುಸ್ತಕಗಳ ರೂಪದಲ್ಲಿ, ಮೊಬೈಲ್ ಫೋನಿನ ಆ್ಯಪ್‌ಗಳ ರೂಪದಲ್ಲಿ, ಕಚೇರಿಗಳು ಏರ್ಪಡಿಸುವ ಶಿಬಿರಗಳ ರೂಪದಲ್ಲಿ ಅದು ಬರುತ್ತದೆ. ಎಷ್ಟು ಗಂಟೆಗೆ ಏಳಬೇಕು, ಎಷ್ಟು ಹೆಜ್ಜೆ ನಡೆಯಬೇಕು, ಎಷ್ಟು ಪುಟ ಓದಬೇಕು, ಎಷ್ಟು ನಿಮಿಷ ಧ್ಯಾನ ಮಾಡಬೇಕು ಎಂಬುದನ್ನೆಲ್ಲ ಅದು ನಿರ್ದೇಶಿಸುತ್ತದೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರಂ ಕಡೆಯ ನಮ್ಮ ಕುಟುಂಬಗಳಲ್ಲಿ ತರುಣರು ಈ ಪಟ್ಟಿಗಳನ್ನು ಶ್ರದ್ಧೆಯಿಂದ ಪಾಲಿಸಲು ಯತ್ನಿಸುವುದನ್ನೂ, ಪಾಲಿಸಲಾಗದೆ ಹೋದಾಗ ತಮ್ಮನ್ನು ತಾವೇ ಹಳಿದುಕೊಳ್ಳುವುದನ್ನೂ ನಾವು ಕಾಣುತ್ತಿದ್ದೇವೆ. ಈ ಸಾಹಿತ್ಯದ ಗುಣದೋಷಗಳನ್ನು ನಮ್ಮ ಆಚಾರಗ್ರಂಥಗಳ ಬೆಳಕಿನಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿವೇಚನೆಗೆ ಎರಡು ಗ್ರಂಥಗಳನ್ನು ತೆಗೆದುಕೊಳ್ಳೋಣ. ರಾಬಿನ್ ಶರ್ಮ ಅವರ ‘ದಿ ಫೈವ್ ಎ.ಎಂ. ಕ್ಲಬ್’ ಮತ್ತು ಜೇಮ್ಸ್ ಕ್ಲಿಯರ್ ಅವರ ‘ಅಟಾಮಿಕ್ ಹ್ಯಾಬಿಟ್ಸ್’. ಎರಡೂ 2018ರಲ್ಲಿ ಪ್ರಕಟವಾದವು. ಶರ್ಮರ ಗ್ರಂಥವು ಕಥಾರೂಪದಲ್ಲಿದೆ. ಬೆಳಗಿನ 5ರಿಂದ 6ರವರೆಗಿನ ಅವಧಿಯನ್ನು ಅವರು ವಿಜಯದ ಗಂಟೆಯೆಂದು ಕರೆದು, 20 ನಿಮಿಷಗಳಂತೆ ಮೂರು ಭಾಗಗಳಾಗಿ ವಿಂಗಡಿಸಿ, ಕ್ರಮವಾಗಿ ವ್ಯಾಯಾಮಕ್ಕೆ, ಚಿಂತನೆಗೆ ಮತ್ತು ಕಲಿಕೆಗೆ ಮೀಸಲಿಡುತ್ತಾರೆ. ಕ್ಲಿಯರ್ ಅವರು ಅತಿ ಸಣ್ಣ ಅಭ್ಯಾಸಗಳ ಪ್ರತಿಪಾದಕರು. ಪ್ರತಿದಿನ ಶೇಕಡ 1ರಷ್ಟು ಉತ್ತಮಗೊಳ್ಳುವವನು ವರ್ಷಾಂತ್ಯಕ್ಕೆ ಸುಮಾರು 37 ಪಟ್ಟು ಉತ್ತಮನಾಗುತ್ತಾನೆಂಬುದು ಅವರ ಪ್ರಸಿದ್ಧವಾದ ಲೆಕ್ಕ.

ಈ ಗ್ರಂಥಗಳಲ್ಲಿ ಸತ್ವವಿಲ್ಲವೆಂದು ಹೇಳುವುದು ನ್ಯಾಯವಲ್ಲ. ದೊಡ್ಡ ಸಂಕಲ್ಪಗಳಿಗಿಂತ ಸಣ್ಣ ಆರಂಭವೇ ಮೇಲು, ಮನೋಬಲವನ್ನೇ ನಂಬಿ ಕೂರುವುದಕ್ಕಿಂತ ಸುತ್ತಲಿನ ಪರಿಸರವನ್ನು ಅನುಕೂಲವಾಗಿ ಜೋಡಿಸಿಕೊಳ್ಳುವುದು ಮೇಲು, ಒಂದು ದಿನ ತಪ್ಪಿದರೆ ಎರಡನೆಯ ದಿನ ತಪ್ಪದಂತೆ ನೋಡಿಕೊಂಡರೆ ಸಾಕು ಎಂದು ಕ್ಲಿಯರ್ ಹೇಳುವ ಮಾತುಗಳು ಅನುಭವಸಿದ್ಧವಾದವು. ಸ್ವಾಧ್ಯಾಯದ ಗ್ರಂಥವನ್ನು ಕಪಾಟಿನಲ್ಲಿ ಬೀಗ ಹಾಕಿಡದೆ ನಡುಮನೆಯ ವ್ಯಾಸಪೀಠದ ಮೇಲೆ ತೆರೆದಿಡುತ್ತಿದ್ದ ನಮ್ಮ ಹಿರಿಯರಿಗೂ ಈ ತತ್ತ್ವ ತಿಳಿದಿತ್ತು. ಆಕ್ಷೇಪವಿರುವುದು ಅವರ ಉಪಾಯಗಳ ಬಗೆಗಲ್ಲ, ಆ ಉಪಾಯಗಳ ಹಿಂದಿರುವ ಲೆಕ್ಕಪದ್ಧತಿಯ ಬಗೆಗೆ.

ವಾಣಿಜ್ಯಶಾಸ್ತ್ರವನ್ನು ಓದಿ ವ್ಯಾಪಾರದಲ್ಲಿಯೇ ಆಯುಷ್ಯವನ್ನು ಕಳೆದವನಿಗೆ ಆ 37 ಪಟ್ಟಿನ ಲೆಕ್ಕವು ಸುಪರಿಚಿತ. ಅದು ಚಕ್ರಬಡ್ಡಿಯ ಲೆಕ್ಕ. 1.01ನ್ನು 365 ಬಾರಿ ಗುಣಿಸುತ್ತ ಹೋದರೆ 37ಕ್ಕೆ ಮೀರಿದ ಸಂಖ್ಯೆ ಬರುವುದು ನಿಜ. ಆದರೆ ಅದೇ ಗಣಿತವನ್ನು ಇನ್ನೊಂದು ವರ್ಷ ಮುಂದುವರಿಸಿದರೆ ಆ ಮನುಷ್ಯನು 1,400 ಪಟ್ಟಿಗೂ ಮಿಗಿಲಾಗಿ ಉತ್ತಮನಾಗಿರಬೇಕಾಗುತ್ತದೆ! ಅಂತಹ ಮನುಷ್ಯನನ್ನು ಯಾರೂ ಕಂಡಿಲ್ಲ. ಚಕ್ರಬಡ್ಡಿಯು ಸಾಲ ಕೊಟ್ಟ ಹಣಕ್ಕೆ ಅನ್ವಯಿಸುವ ನಿಯಮ. ನಿದ್ರೆ, ರೋಗ, ಮುಪ್ಪು, ಶೋಕಗಳುಳ್ಳ ದೇಹಕ್ಕೆ ಅದು ಅನ್ವಯಿಸದು. ಅಂಗಡಿಯ ಮೇಜು ಕುರ್ಚಿಗಳಿಗೂ ನಾವು ವರ್ಷವರ್ಷ ಸವಕಳಿಯನ್ನು ಬರೆಯುತ್ತೇವೆ. ಮನುಷ್ಯನ ಶಕ್ತಿಗೆ ಸವಕಳಿಯನ್ನೇ ತೋರಿಸದ ಲೆಕ್ಕಪತ್ರವನ್ನು ಯಾವ ಲೆಕ್ಕಪರಿಶೋಧಕನು ತಾನೆ ಒಪ್ಪಿಯಾನು?

ಅವಧಿಯ ವಿಷಯದಲ್ಲಿಯೂ ಇಂತಹುದೇ ಗೊಂದಲವಿದೆ. 21 ದಿನಗಳಲ್ಲಿ ಹೊಸ ಅಭ್ಯಾಸ ನೆಲೆಗೊಳ್ಳುತ್ತದೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜರಿ ವೈದ್ಯರು 1960ರ ತಮ್ಮ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನಗಳು ಬೇಕಾಗುತ್ತವೆಂದು ಬರೆದಿದ್ದರು. ಆ ‘ಕನಿಷ್ಠ’ ಎಂಬ ಪದ ಕಾಲಕ್ರಮದಲ್ಲಿ ಬಿದ್ದುಹೋಗಿ, ಉಳಿದದ್ದು ನಿಯಮವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಅಭ್ಯಸಿಸಿ 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಸರಾಸರಿ 66 ದಿನಗಳೆಂದು ಕಂಡುಬಂದಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಷ್ಟು ಹಾನಿಯಾಗಲಿಲ್ಲವೆಂಬುದೂ ಅದೇ ಸಂಶೋಧನೆಯ ಫಲಿತ. ಹೀಗಿದ್ದರೂ ಮೊಬೈಲಿನ ಆ್ಯಪ್‌ಗಳು ಒಂದು ದಿನ ತಪ್ಪಿದೊಡನೆ ನೂರು ದಿನಗಳ ಸರಪಳಿಯನ್ನು ಅಳಿಸಿ ಸೊನ್ನೆಗೆ ತಂದು ನಿಲ್ಲಿಸುತ್ತವೆ. ಎಳೆಯ ಮನಸ್ಸು ಅದನ್ನು ತನ್ನ ಚಾರಿತ್ರ್ಯದ ಸೊನ್ನೆಯೆಂದೇ ಓದಿಕೊಳ್ಳುತ್ತದೆ.

ದಿನದಿನದ ಗುರುತು ಹಾಕುವ ಪದ್ಧತಿಗೆ ಪೂರ್ವಜನೆಂದು ಕ್ಲಿಯರ್ ಸ್ಮರಿಸುವುದು 18ನೆಯ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್‌ರನ್ನು. ಫ್ರಾಂಕ್ಲಿನ್‌ರ ಆತ್ಮಚರಿತ್ರೆಯಲ್ಲಿ ಈ ಪ್ರಸಂಗ ಸವಿಸ್ತಾರವಾಗಿ ಬಂದಿದೆ. ಅವರು 13 ಸದ್ಗುಣಗಳನ್ನು ಗೊತ್ತುಮಾಡಿಕೊಂಡು, ವಾರಕ್ಕೊಂದರಂತೆ ಅಭ್ಯಸಿಸುತ್ತ, ದೋಷವಾದಾಗಲೆಲ್ಲ ಪುಸ್ತಕದಲ್ಲಿ ಕಪ್ಪು ಚುಕ್ಕೆಯಿಡುತ್ತಿದ್ದರು. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೆಲ್ಲ ತೂತಾಯಿತು. ಕೊನೆಗೆ ಒರಸಿ ಬರೆಯಲು ದಂತದ ಹಾಳೆಗಳನ್ನು ಬಳಸಿದರು. ವ್ಯವಸ್ಥಿತತೆಯೆಂಬ ಒಂದು ಗುಣವಂತೂ ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. ಪರಿಪೂರ್ಣತೆಗೆ ತಾನು ತಲಪಲಿಲ್ಲವೆಂದು ಒಪ್ಪಿಕೊಂಡೂ, ಆ ಪ್ರಯತ್ನದಿಂದ ತಾನು ಸುಖಿಯಾದೆನೆಂದು ಅವರು ಬರೆದರು. ಈ ಕೊನೆಯ ಸಮಾಧಾನವು ಇಂದಿನ ಪುಸ್ತಕಗಳಲ್ಲಿ ಬಹುಮಟ್ಟಿಗೆ ಕಾಣೆಯಾಗಿದೆ.

ಇನ್ನು ನಮ್ಮ ಗ್ರಂಥಗಳತ್ತ ತಿರುಗೋಣ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು 150 ಶ್ಲೋಕಗಳ ಕಿರುಗ್ರಂಥ. ಭೋಗೋಪಭೋಗ ಪರಿಮಾಣ ವ್ರತವನ್ನು ಹೇಳುವಾಗ ಆಚಾರ್ಯರು ಯಮ ಮತ್ತು ನಿಯಮಗಳ ಭೇದವನ್ನು ಸ್ಪಷ್ಟಪಡಿಸುತ್ತಾರೆ: ಜೀವಾವಧಿಯದು ಯಮ, ಕಾಲಮಿತಿಯುಳ್ಳದ್ದು ನಿಯಮ. ಆಹಾರ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಮೊದಲಾದುವುಗಳಲ್ಲಿ ಇಂದಿಗೆ ಇಷ್ಟು, ಈ ಪಕ್ಷಕ್ಕೆ ಇಷ್ಟು, ಈ ಮಾಸಕ್ಕೆ ಅಥವಾ ಈ ಋತುವಿಗೆ ಇಷ್ಟು ಎಂದು ಶ್ರಾವಕನು ಮಿತಿ ಮಾಡಿಕೊಳ್ಳಬೇಕು. ನಮ್ಮ ಶ್ವೇತಾಂಬರ ಸೋದರರು ಪ್ರಾತಃಕಾಲ ಧಾರಣೆ ಮಾಡುವ 14 ನಿಯಮಗಳ ಆಶಯವೂ ಇದೇ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ನಿಯಮವು ಜೀವನಕ್ಕೆ ಹೊಸ ಕೆಲಸಗಳನ್ನು ಸೇರಿಸುವುದಿಲ್ಲ. ಇರುವ ಭಾರವನ್ನು ಇಳಿಸುತ್ತದೆ. ಎರಡನೆಯದಾಗಿ, ಅದಕ್ಕೆ ಮುಕ್ತಾಯದ ದಿನವಿದೆ. ದೀಪಾವಳಿಗೆ ಹಳೆಯ ಲೆಕ್ಕವನ್ನು ಮುಗಿಸಿ ಹೊಸ ಪುಸ್ತಕವನ್ನು ತೆರೆಯುವ ವರ್ತಕನಿಗೆ ಇದರ ಬೆಲೆ ತಿಳಿಯುತ್ತದೆ. ಎಂದೂ ಮುಕ್ತಾಯವಾಗದ ಖಾತೆಯು ಸಾಲಗಾರನನ್ನು ಮಾತ್ರ ಸೃಷ್ಟಿಸುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸುತ್ತದೆ. ಸಾಮಾಯಿಕದ ಅತಿಚಾರಗಳಲ್ಲಿ ಅನಾದರವೂ ಮರೆವೂ ಸೇರಿವೆ. ಅಂದರೆ ವ್ರತಿಯು ಬೇಸರಪಟ್ಟಾನು, ಮರೆತಾನು ಎಂಬುದನ್ನು ಸೂತ್ರಕಾರರು ಮೊದಲೇ ಬಲ್ಲರು. ಅಂತಹ ದೋಷವಾದಾಗ ಪ್ರತಿಕ್ರಮಣವಿದೆ, ಆಲೋಚನೆಯಿದೆ, ಮತ್ತೆ ವ್ರತದಲ್ಲಿ ನೆಲೆಗೊಳ್ಳುವುದಿದೆ. ಅದೇ ಅಧ್ಯಾಯವು ಶಲ್ಯರಹಿತನನ್ನು ಮಾತ್ರ ವ್ರತಿಯೆಂದು ಕರೆಯುತ್ತದೆ. ಮೂರು ಶಲ್ಯಗಳಲ್ಲಿ ಒಂದು ನಿದಾನ, ಎಂದರೆ ಆಚರಣೆಗೆ ಪ್ರತಿಯಾಗಿ ಭೋಗಫಲವನ್ನು ಬಯಸುವುದು. ಶರ್ಮರ ವಿಜಯದ ಗಂಟೆಯು 60 ನಿಮಿಷ, ಸಾಮಾಯಿಕವು ಎರಡು ಘಳಿಗೆ, ಅಂದರೆ 48 ನಿಮಿಷ. ಹೊರನೋಟಕ್ಕೆ ಎರಡೂ ಬೆಳಗಿನ ಮೌನಗಳೇ. ಆದರೆ ಒಂದರಲ್ಲಿ ಮನುಷ್ಯನು ಇತರರಿಗಿಂತ ಮುಂದೆ ಹೋಗಲು ಸಿದ್ಧನಾಗುತ್ತಾನೆ. ಇನ್ನೊಂದರಲ್ಲಿ ಮುಂದು ಹಿಂದುಗಳೆರಡನ್ನೂ ಅಷ್ಟು ಹೊತ್ತು ಸಮನಾಗಿ ಕಾಣಲು ಕಲಿಯುತ್ತಾನೆ.

ಈ ಉಪದೇಶವು ಯಾರ ಮೇಲೆ ಬೀಳುತ್ತದೆಂಬುದನ್ನೂ ಯೋಚಿಸಬೇಕು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರಂ ನಡುವಣ ಮೆಟ್ರೊ ಕೊಂಡಿ ತೆರೆಯಿತು. ನಮ್ಮ ಮಕ್ಕಳು ಹಲಸೂರಿನಿಂದ ವೈಟ್‌ಫೀಲ್ಡಿಗೆ ಒಂದೇ ರೈಲಿನಲ್ಲಿ ಹೋಗಿಬರಲು ಅನುಕೂಲವಾಯಿತು. ಅದೇ ತಿಂಗಳು ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ ಮಾತು ದೇಶವ್ಯಾಪಿ ಚರ್ಚೆಗೆ ಗುರಿಯಾಯಿತು. ಅಮೆರಿಕದ ವೇಳೆಗೆ ಹೊಂದಿಕೊಂಡು ನಡುರಾತ್ರಿಯವರೆಗೆ ಕೆಲಸ ಮಾಡಿದ ಮಗನಿಗೆ ಬೆಳಗಿನ 5 ಗಂಟೆಯ ವಿಜಯವನ್ನು ಉಪದೇಶಿಸುವುದು ಅವನ ನಿದ್ರೆಯನ್ನು ಕದ್ದಂತೆ. ಮಕ್ಕಳ ಬುತ್ತಿಗಾಗಿ, ಅತ್ತೆಮಾವಂದಿರ ಔಷಧಿಗಾಗಿ ಬಹುಕಾಲದಿಂದ 5 ಗಂಟೆಗೇ ಏಳುತ್ತಿರುವ ಸೊಸೆಯನ್ನು ಯಾವ ಪುಸ್ತಕವೂ ವಿಜಯಿಯೆಂದು ಕರೆದಿಲ್ಲ. ಕೆಲಸದ ಹೊರೆಯಿಂದ ಬಂದ ಆಯಾಸವನ್ನು ಅಭ್ಯಾಸದ ಕೊರತೆಯೆಂದು ಹೆಸರಿಸಿದರೆ, ಸಂಸ್ಥೆಯ ಹೊಣೆಯು ವ್ಯಕ್ತಿಯ ಹೆಗಲಿಗೆ ವರ್ಗವಾಗುತ್ತದೆ. ಇದು ಲೆಕ್ಕದಲ್ಲಿ ಖರ್ಚನ್ನು ತಪ್ಪು ಖಾತೆಗೆ ಬರೆದಂತೆ.

ದಂಡುಪ್ರದೇಶದಲ್ಲಿ ಬಾಳಿದ ನಮಗೆ ನೆರೆಯವರ ಆಚರಣೆಗಳಿಂದಲೂ ಕಲಿಯುವುದಿದೆ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಆಗಸ್ಟ್ 29ರಂದು ಧ್ವಜಾರೋಹಣವಾಗಿ ಸೆಪ್ಟೆಂಬರ್ 8ರ ಉತ್ಸವದವರೆಗೆ ಹಲವರು ಕಾವಿಬಣ್ಣದ ಉಡುಪು ಧರಿಸಿ ಹರಕೆ ಸಲ್ಲಿಸುತ್ತಾರೆ. ರಂಜಾನ್ ಉಪವಾಸವು ಒಂದು ಮಾಸದ್ದು. ರೋಗಿಗೂ ಪ್ರಯಾಣಿಕನಿಗೂ ಅದರಲ್ಲಿ ವಿನಾಯಿತಿಯಿದೆ. ನಮ್ಮ ದಶಲಕ್ಷಣ ಪರ್ವಕ್ಕೆ ಹತ್ತು ದಿನಗಳು, ಕೊನೆಯಲ್ಲಿ ಕ್ಷಮಾವಣಿ. ಇವೆಲ್ಲವೂ ಹತ್ತು ಜನರೊಡನೆ ಕೂಡಿ ಆರಂಭವಾಗುತ್ತವೆ, ಕೂಡಿಯೇ ಮುಗಿಯುತ್ತವೆ. ಅಭ್ಯಾಸಗ್ರಂಥದ ಓದುಗನಾದರೋ ಒಬ್ಬನೇ ಆರಂಭಿಸಿ, ಒಬ್ಬನೇ ಸೋತು, ಒಬ್ಬನೇ ನಾಚುತ್ತಾನೆ.

ಹೊರಗಿನವರನ್ನು ವಿಮರ್ಶಿಸಿ ನಮ್ಮ ಅಂಗಳವನ್ನು ನೋಡದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಎಷ್ಟು ಉಪವಾಸ, ಎಷ್ಟು ಸಾಮಾಯಿಕ, ಎಷ್ಟು ಮಾಲೆ ಜಪ ಎಂದು ಮಕ್ಕಳ ಹೆಸರಿನ ಮುಂದೆ ಅಂಕಗಳನ್ನು ಬರೆದು ಬಹುಮಾನ ಕೊಡುವ ರೂಢಿ ನಮ್ಮಲ್ಲಿಯೂ ಬೆಳೆದಿದೆ. ಪುಸ್ತಕಗಳ ಲೆಕ್ಕಪದ್ಧತಿಯು ಹೀಗೆ ಬಸದಿಯ ಒಳಗೂ ಬಂದಂತಾಯಿತು. 2016ರ ಅಕ್ಟೋಬರ್‌ನಲ್ಲಿ ಸಿಕಂದರಾಬಾದಿನ ನಮ್ಮ ಸಮಾಜದ 13 ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸದ ಬಳಿಕ ಕೆಲವೇ ದಿನಗಳಲ್ಲಿ ಅಸುನೀಗಿದಳು. ಆ ಕುಟುಂಬದ ದುಃಖವನ್ನು ತೂಗಿ ನೋಡುವ ಅಧಿಕಾರ ನಮಗಿಲ್ಲ. ಆದರೆ ಮಗುವಿನ ತಪಸ್ಸಿನ ದಿನಗಳನ್ನು ಎಣಿಸುವ ಮೊದಲು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ನಾವೆಲ್ಲರೂ ತೆರೆಯಬೇಕು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳನ್ನು ಹೇಳುವಾಗ ಉಮಾಸ್ವಾಮಿಗಳು ಶಕ್ತಿಗನುಸಾರವಾಗಿ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಶಕ್ತಿಯನ್ನು ಅಡಗಿಸಬಾರದು, ಮೀರಲೂ ಬಾರದು.

ಎಣಿಕೆಯ ವಿಷಯದಲ್ಲಿ ಬಾಹುಬಲಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಒಂದು ವರ್ಷ ಕದಲದೆ ಪ್ರತಿಮಾಯೋಗದಲ್ಲಿ ನಿಂತು, ಬಳ್ಳಿಗಳು ತೊಡೆ ತೋಳುಗಳಿಗೆ ಹಬ್ಬಿದರೂ, ಅಣ್ಣನಾದ ಭರತನ ವಿಷಯವಾಗಿ ಒಳಗೆ ಉಳಿದಿದ್ದ ಅಳುಕು ಕರಗುವವರೆಗೆ ಕೇವಲಜ್ಞಾನವು ಉದಯಿಸಲಿಲ್ಲವೆಂದು ಪುರಾಣವು ಹೇಳುತ್ತದೆ. 365 ದಿನಗಳ ಅಖಂಡ ಸರಪಳಿಯೂ ಆ ಒಂದು ಶಲ್ಯವನ್ನು ಕೀಳಲು ಸಾಲಲಿಲ್ಲ.

ಆದುದರಿಂದ ಧರ್ಮಬಂಧುಗಳಲ್ಲಿ ಕೆಲವು ವಿನಂತಿಗಳಿವೆ. ಕುಟುಂಬಗಳಲ್ಲಿ ಒಂದು ಬಾರಿಗೆ ಒಂದೇ ನಿಯಮವಿರಲಿ, ಅದರ ಕೊನೆಯ ದಿನವನ್ನು ಆರಂಭದಲ್ಲಿಯೇ ಗೊತ್ತುಪಡಿಸಿರಿ, ತಪ್ಪಿದ ದಿನವನ್ನು ಮುಚ್ಚಿಡದೆ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರು ಕಿವಿಗೊಡಿರಿ. ಸೇರಿಸುವ ನಿಯಮಕ್ಕಿಂತ ಬಿಡುವ ನಿಯಮಕ್ಕೆ ಆದ್ಯತೆಯಿರಲಿ; ರಾತ್ರಿ ಊಟದ ನಂತರ ಮೊಬೈಲನ್ನು ಮುಟ್ಟದಿರುವುದೂ ಇಂದಿನ ಕಾಲಕ್ಕೆ ಭೋಗೋಪಭೋಗ ಪರಿಮಾಣವೇ. ಬಸದಿಯ ಟ್ರಸ್ಟುಗಳು ಸಂಖ್ಯೆಗೆ ಬಹುಮಾನ ಕೊಡುವುದನ್ನು ಕೈಬಿಟ್ಟು, ಅಪ್ರಾಪ್ತವಯಸ್ಕರ ದೀರ್ಘ ಉಪವಾಸಗಳಿಗೆ ಸನ್ಮಾನ ಮೆರವಣಿಗೆಗಳನ್ನು ನಿಲ್ಲಿಸುವ ನಿರ್ಣಯವನ್ನು ಮುಂದಿನ ದಶಲಕ್ಷಣ ಪರ್ವಕ್ಕೆ ಮೊದಲೇ ಮಾಡಬೇಕು. ಪಾಠಶಾಲೆಯ ಗೋಡೆಯ ಮೇಲಿನ ಅಂಕಪಟ್ಟಿಯನ್ನು ಇಳಿಸಿ, ಮಕ್ಕಳಿಗೆ ಪ್ರತಿಕ್ರಮಣದ ಅರ್ಥವನ್ನು ಅವರ ಮಾತಿನಲ್ಲಿಯೇ ಕಲಿಸಿದರೆ, ತಪ್ಪಿದ ದಿನದ ಮರುದಿನ ಹೇಗೆ ಆರಂಭಿಸಬೇಕೆಂಬುದು ಅವರಿಗೆ ತಿಳಿಯುತ್ತದೆ.