ಎಂಟು ಜನರ ವೇದಿಕೆ

ಮುಂಬೈಯ ಬಾರ್ ಎಂದರೆ ಸಾಕು, ಊರಲ್ಲಿ ಜನ ಕಣ್ಣು ಮಿಟುಕಿಸುತ್ತಾರೆ. ಅವುಗಳಲ್ಲಿ ಎಷ್ಟೋ ನಮ್ಮ ಕರಾವಳಿಯ ಶೆಟ್ಟರದ್ದೇ ಅನ್ನೋದು ಬೇರೆ ಮಾತು. 2005ರಲ್ಲಿ ಮಹಾರಾಷ್ಟ್ರ ಸರಕಾರ ಬಾರ್‌ಗಳಲ್ಲಿ ಕುಣಿತ ನಿಷೇಧಿಸಿತು. ಮೂರು ನಕ್ಷತ್ರ ಮತ್ತು ಮೇಲಿನ ಹೋಟೆಲುಗಳಿಗೆ ಮಾತ್ರ ವಿನಾಯಿತಿ! ಈ ಭೇದವನ್ನು 2013ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಕುಣಿತ ನಿಂತ ಕಡೆ ಆರ್ಕೆಸ್ಟ್ರಾ ಉಳಿಯಿತು. ಅಲ್ಲೂ ಲೆಕ್ಕ: ವೇದಿಕೆ ಮೇಲೆ ನಾಲ್ವರು ಹೆಂಗಸರು, ನಾಲ್ವರು ಗಂಡಸರು. 2022ರಲ್ಲಿ ಕೋರ್ಟು ಹೆಣ್ಣು-ಗಂಡಿನ ಲೆಕ್ಕ ತೆಗೆಯಿತು, ಒಟ್ಟು ಎಂಟರ ಮಿತಿಯನ್ನು ಹಾಗೇ ಬಿಟ್ಟಿತು. ನಾನು ಕೇಳಿದವರಲ್ಲಿ ಲತಾ ಹಾಡುಗಳನ್ನು ಶ್ರುತಿ ತಪ್ಪದೆ ಹಾಡುವವರಿದ್ದರು. ಆದರೆ ಕೇಳುವವರಿಗಿಂತ ನೋಡುವವರೇ ಜಾಸ್ತಿ. ಕೀಬೋರ್ಡಂತೂ ದನಿಯನ್ನೇ ನುಂಗುವಷ್ಟು ಜೋರು. ಅದನ್ನು ತಗ್ಗಿಸಲು ಕೋರ್ಟು ಯಾಕೆ ಬೇಕು ಶೆಟ್ರೇ?