ಮರಿಗಿಯ ತಳದ ಬಂಗಾರ

ನಮ್ಮೂರು ಅಣ್ಣಿಗೇರಿ, ಸುತ್ತ ಎರಿಭೂಮಿ, ಕಡ್ಲಿ, ಜೋಳ. ಆಯಿಯ ತವರು ಮಾತ್ರ ಕಪ್ಪತಗುಡ್ಡದ ಸೆರಗಿನಲ್ಲಿ. ಅಕ್ಕಿ ಜಾಲಿಸುವಾಗ ಆಕೆ ಬೋಗುಣಿಯನ್ನು ಓರೆ ಮಾಡಿ ಮಣಿಕಟ್ಟನ್ನಷ್ಟೇ ತಿರುಗಿಸುತ್ತಿದ್ದಳು. ಅಕ್ಕಿ ನೀರಿನ ಜೊತೆ ಹರಿದು ಇನ್ನೊಂದು ಪಾತ್ರೆಗೆ ಬೀಳುತ್ತಿತ್ತು, ಹರಳು ತಳದಲ್ಲೇ ಕೂತಿರುತ್ತಿತ್ತು. "ನಮ್ಮೂರ ಹಳ್ಳದಾಗ ಹಿಂಗ ಬಂಗಾರ ಹಿಡೀತಿದ್ರು ನೋಡವಾ" ಎನ್ನುತ್ತಿದ್ದಳು.

ಹಿಡಿಯುತ್ತಿದ್ದವರು ಜಾಲಗಾರರು. ಸೊರಟೂರು, ಡೋಣಿ ಕಡೆಯ ಹಳ್ಳಗಳಲ್ಲಿ ದೊಡ್ಡ ಮಳೆ ಬಿದ್ದು ನೀರಿಳಿದ ಮೇಲೆ ಅವರ ಸುಗ್ಗಿ. ಕಟ್ಟಿಗೆಯ ಮರಿಗಿಗೆ ಉಸುಕು ತುಂಬಿ, ನೀರು ಹಾಕಿ ತೂಗಿದರೆ ಹಗುರಾದದ್ದೆಲ್ಲ ಹೊರಗೆ. ಕೊನೆಗುಳಿಯುವುದು ಒಂದು ಹಿಡಿ ಕರಿ ಉಸುಕು. ಅದರೊಳಗೆ ಸಾಸಿವೆಗಿಂತ ಸಣ್ಣ ಹೊಳಪು. ಅದನ್ನು ಪಾದರಸದಲ್ಲಿ ಹಿಡಿದು, ಕಾಸಿ ಬಂಗಾರ ತೆಗೆಯುತ್ತಿದ್ದರು. ಬಂಗಾರ ಉಸುಕಿಗಿಂತ ಸುಮಾರು ಏಳು ಪಟ್ಟು ಭಾರ ಎಂದು ನಾವು ಪುಸ್ತಕದಲ್ಲಿ ಓದಿದೆವು. ಅವರ ಕೈಗೆ ಅದು ಮೊದಲೇ ಗೊತ್ತಿತ್ತು.

20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಇದೇ ಗುಡ್ಡದಲ್ಲಿ ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದವು. ಮರಿಗಿ ಗುಡ್ಡ ಒಡೆಯಲಿಲ್ಲ. ಮಳೆ ಇಳಿಸಿ ತಂದಷ್ಟನ್ನೇ ತೆಗೆದುಕೊಂಡಿತು. ಅದರ ದೊಡ್ಡಸ್ತಿಕೆ ಅಲ್ಲಿದೆ.

1997ರಲ್ಲಿ ಗದಗ ಬೇರೆ ಜಿಲ್ಲೆಯಾಗಿ ಗುಡ್ಡ ನಮ್ಮ ಧಾರವಾಡದ ನಕಾಶೆಯಿಂದ ಆಚೆ ಹೋಯಿತು, 2019ರಲ್ಲಿ ವನ್ಯಜೀವಿಧಾಮವಾಯಿತು. ಆಯಿಯ ಬೋಗುಣಿ ನಮ್ಮ ಅಡುಗೆಮನೆಯಲ್ಲೇ ಇದೆ. ಅಂಗಡಿಯ ಅಕ್ಕಿಯಲ್ಲಿ ಈಗ ಹರಳಿಲ್ಲ. ಜಾಲಿಸಲು ಬರುವ ಕೈಯೂ ಮನೆಯಲ್ಲಿ ಉಳಿದಿಲ್ಲ.