ಫೋಲ್ಡರ್ ತುಂಬಿದೆ, ತಮಿಳು ಬಂತೇ?

ಚೆನ್ನೈಗೆ ಓದಲೋ ಕೆಲಸಕ್ಕೋ ಬಂದ ಕನ್ನಡಿಗರಿಗೆ ಯಾರಾದರೊಬ್ಬರು ಒಂದು ಡ್ರೈವ್ ಲಿಂಕ್ ಕಳಿಸುತ್ತಾರೆ: ‘ತಮಿಳು ಕಲಿಯೋಕೆ ಬೇಕಾದ್ದೆಲ್ಲ ಇದರಲ್ಲಿದೆ.’ ತೆರೆದರೆ, ಮೂವತ್ತು ದಿನದಲ್ಲಿ ಭಾಷೆ ಕಲಿಸುವ ಪುಸ್ತಕಗಳ ಸೊಟ್ಟ ಸ್ಕ್ಯಾನ್‌ಗಳು, ಇಂಗ್ಲಿಷ್‌ನಲ್ಲಿ ಬರೆದ ವ್ಯಾಕರಣಗಳು, ಯೂಟ್ಯೂಬ್ ಪಾಠಗಳ ಪಟ್ಟಿ, ಯಾರದೋ ಕ್ಲಾಸ್ ನೋಟ್ಸ್. ಚೀನೀ, ಜಪಾನೀ ಕಲಿಯುವ ಗೆಳೆಯರ ಬಳಿಯೂ ಇಂಥವೇ ಇವೆ. ಕಲಿಯುವವರು ಹೀಗೆ ಸಾಮಗ್ರಿ ಕೂಡಿಹಾಕಬೇಕೇ ಎಂದು ಕೇಳಿದರೆ ‘ಅದರಲ್ಲಿ ತಪ್ಪೇನು?’ ಅನ್ನುತ್ತಾರೆ. ಈ ಫೋಲ್ಡರನ್ನೂ ಒಂದು ಪುಸ್ತಕವೆಂದುಕೊಂಡು ವಿಮರ್ಶಿಸಿ ನೋಡೋಣ.

ಪುಸ್ತಕವಾಗಿ ಅದಕ್ಕಿರುವ ದೊಡ್ಡ ಕೊರತೆ, ಸಂಪಾದಕರಿಲ್ಲದಿರುವುದು. ಒಂದು ಪಿಡಿಎಫ್ ‘ಹೋಗುತ್ತೇನೆ’ ಎನ್ನಲು ‘ಪೋಗಿರೇನ್’ ಎಂದು ಕಲಿಸುತ್ತದೆ, ಇನ್ನೊಂದು ವಿಡಿಯೋ ‘ಪೋರೇನ್’ ಎನ್ನುತ್ತದೆ. ಎರಡೂ ಸರಿ. ಮೊದಲನೆಯದು ಬರಹದ ತಮಿಳು, ಎರಡನೆಯದು ಬಾಯಿಮಾತಿನದು. ತಮಿಳಿನಲ್ಲಿ ಇವೆರಡರ ನಡುವಿನ ಅಂತರ ಹೆಚ್ಚು. ಅದನ್ನು ಹೇಳುವ ಒಂದು ಸಾಲು ಆ ರಾಶಿಯಲ್ಲಿ ಎಲ್ಲೂ ಇರುವುದಿಲ್ಲ. ಹೊಸಬರು ಅಂಗಡಿಯಲ್ಲಿ ಬರಹದ ತಮಿಳು ಆಡುತ್ತಾರೆ, ಅಂಗಡಿಯವರು ಇಂಗ್ಲಿಷ್‌ಗೆ ತಿರುಗುತ್ತಾರೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಕೂಡಿಹಾಕುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ನಿಘಂಟು ಎಂದರೇನು, ಕೂಡಿಹಾಕಿದ್ದೇ ಅಲ್ಲವೇ? ಲಕ್ಷಕ್ಕೂ ಮೀರಿದ ಪದಗಳಿರುವ ತಮಿಳು ಲೆಕ್ಸಿಕನ್ ಅನ್ನು ಮದ್ರಾಸು ವಿಶ್ವವಿದ್ಯಾಲಯ 1924ರಿಂದ 1936ರವರೆಗೆ ಆರು ಸಂಪುಟಗಳಲ್ಲಿ ತಂದಿತು. ಕಿಟೆಲ್ ಅವರ 1894ರ ಕನ್ನಡ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಮೇಲೆ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದೂ ಇದೇ ವಿಶ್ವವಿದ್ಯಾಲಯ. ಈ ಕೆಲಸಗಳಲ್ಲಿ ಪ್ರತಿ ಪದಕ್ಕೂ ಯಾರೋ ಒಬ್ಬರು ಹೊಣೆ ಹೊತ್ತಿದ್ದಾರೆ. ಇದು ಸೇರಬೇಕು, ಇದು ಬೇಡ, ಇದರ ಅರ್ಥ ಇಷ್ಟು ಎಂದು ತೀರ್ಮಾನಿಸಿದ್ದಾರೆ.

ಇಂಟರ್ನೆಟ್ ಕಾಲದಲ್ಲಿ ಆ ಹೊಣೆಯನ್ನು ಹಂಚಿಕೊಳ್ಳಬಹುದು ಎಂಬುದಕ್ಕೆ ಚೀನೀ ಕಲಿಯುವವರೇ ಒಳ್ಳೆಯ ಉದಾಹರಣೆ. ಜಪಾನೀ ಭಾಷೆಗಿದ್ದ ಎಡಿಕ್ಟ್ ಎಂಬ ಪದಕೋಶದ ಮಾದರಿಯಲ್ಲಿ ಪಾಲ್ ಡೆನಿಸೋವ್ಸ್ಕಿ 1997ರಲ್ಲಿ ಸಿಇಡಿಕ್ಟ್ ಎಂಬ ಚೀನೀ-ಇಂಗ್ಲಿಷ್ ಪದಕೋಶ ಶುರುಮಾಡಿದರು. ಇಂದು ಸಿಸಿ-ಸಿಇಡಿಕ್ಟ್ ಎಂಬ ಹೆಸರಿನಲ್ಲಿ ಅದರಲ್ಲಿ 1,20,000ಕ್ಕೂ ಹೆಚ್ಚು ನಮೂದುಗಳಿವೆ. ಯಾರು ಬೇಕಾದರೂ ಪದ ಕಳಿಸಬಹುದು, ಸಂಪಾದಕರು ನೋಡಿದ ಮೇಲಷ್ಟೇ ಅದು ಒಳಗೆ ಸೇರುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಕಲಿಕೆಯ ಆ್ಯಪ್‌ಗಳು ಅದನ್ನು ಧಾರಾಳವಾಗಿ ಬಳಸುತ್ತವೆ. ನಮ್ಮಲ್ಲೂ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳಿವೆ.

ಹಾಗಾದರೆ ಚೆನ್ನೈನ ಕನ್ನಡಿಗರು ಕೂಡಿಹಾಕಬೇಕಾದ್ದೇನು? ಬೇರೆ ಯಾರೂ ನಮಗಾಗಿ ಬರೆದುಕೊಡದಂಥದ್ದನ್ನು. ಇಂಗ್ಲಿಷ್ ಮೂಲಕ ತಮಿಳು ಕಲಿಸುವ ಪುಸ್ತಕ ‘ಪಾಲ್’ ಎಂದರೆ ಮಿಲ್ಕ್ ಎಂದು ಉರುಹೊಡೆಸುತ್ತದೆ. ತಮಿಳಿನ ‘ಪ’ ಎಷ್ಟೋ ಕಡೆ ನಮ್ಮಲ್ಲಿ ‘ಹ’ ಆಗಿದೆ ಎಂದು ಹೇಳಿದರೆ ಪಾಲ್, ಪುಲಿ, ಪಳ್ಳಂ ಎಲ್ಲ ಹಾಲು, ಹುಲಿ, ಹಳ್ಳಗಳಾಗಿ ತಾವೇ ಬಂದು ಕೂರುತ್ತವೆ. ವಾಯ್, ವೇರ್, ವಿರಲ್ ಎಂಬ ‘ವ’ಕಾರದವು ಬಾಯಿ, ಬೇರು, ಬೆರಳಾಗುತ್ತವೆ. ತಮಿಳಿನಲ್ಲಿ ಕ, ಗ, ಹಗಳಿಗೆಲ್ಲ ಒಂದೇ ಅಕ್ಷರ. ಕನ್ನಡ ಲಿಪಿಯಲ್ಲಿ ಬರೆದರೆ ಉಚ್ಚಾರ ಕಣ್ಣಿಗೇ ಕಾಣುತ್ತದೆ. ‘ತಮಿೞ್’ ಎಂಬಲ್ಲಿನ ಕೊನೆಯ ಅಕ್ಷರ ಹಳಗನ್ನಡದಲ್ಲಿಯೂ ಇತ್ತು. ನಮ್ಮ ಬಾಳೆ, ಕೋಳಿ, ಏಳುಗಳಲ್ಲಿ ಅದು ಈಗ ‘ಳ’ ಆಗಿದೆ.

ಹತ್ತಿರದ ಭಾಷೆ ಮೋಸವನ್ನೂ ಮಾಡುತ್ತದೆ. ರಸ್ತೆಬದಿಯ ಬೋರ್ಡಿನಲ್ಲಿ ‘ಮನೈ’ ಮಾರಾಟಕ್ಕಿದೆ ಎಂದು ಕಂಡರೆ ಅದು ಸೈಟು, ಮನೆಯಲ್ಲ. ತಮಿಳಿನ ‘ತಾ’ ಎಂದರೆ ನನಗೆ ಕೊಡು. ನಮ್ಮ ‘ತಾ’ಗೆ ಎದ್ದು ಹೋಗಿ ತರಬೇಕು. ಇಂಥ ಇನ್ನೂರು ಪದಗಳನ್ನು, ಪ್ರತಿಯೊಂದಕ್ಕೂ ಬರಹದ ರೂಪ, ಮಾತಿನ ರೂಪ, ಕನ್ನಡದ ನಂಟು, ಬರೆದವರ ಹೆಸರು ಸೇರಿಸಿ ಇಟ್ಟರೆ ಅದು ಸಾಮಗ್ರಿ. ಬುನಾದಿ ಆಗಲೇ ಇದೆ. ಕಿಟೆಲ್ ತಮ್ಮ ನಿಘಂಟಿನಲ್ಲಿ ತಮಿಳು, ಮಲಯಾಳ, ತೆಲುಗಿನ ಸಂಬಂಧಿ ಪದಗಳನ್ನು ಕೊಟ್ಟಿದ್ದಾರೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಮೂಲ ಕೋಶವನ್ನೂ ತಮಿಳು ಲೆಕ್ಸಿಕನ್ನನ್ನೂ ಷಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿ ದುಡ್ಡಿಲ್ಲದೆ ಹುಡುಕಬಹುದು.

ವಿದ್ಯಾರ್ಥಿಗಳು ಕೇಳಬಹುದು: ‘ಪುಸ್ತಕ ಕೊಳ್ಳಲು ದುಡ್ಡಿಲ್ಲದವರಿಗೆ ಸ್ಕ್ಯಾನ್ ಬೇಡವೇ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಕಾಯಿದೆಯಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕನ್ನಡಿಗರಿಗೆಂದು ತಮಿಳು ಪಾಠ ಬರೆಯುವವರೇ ಕಡಿಮೆ. ಅವರ ಪುಸ್ತಕವನ್ನೇ ಬಿಟ್ಟಿ ಹಂಚಿದರೆ ಮುಂದಿನದನ್ನು ಬರೆಯುವವರು ಯಾರು? ನಾಲ್ಕು ಜನ ಸೇರಿ ಒಂದು ಪ್ರತಿ ಕೊಂಡು ಕೈಬದಲಾಯಿಸಿಕೊಳ್ಳಬಹುದು. ಹೊಸಬರಿಗೆ ಐದು ಹೆಸರುಗಳ ಪಟ್ಟಿ, ಪ್ರತಿಯೊಂದರ ಮುಂದೆ ‘ಇದು ಯಾಕೆ’ ಎಂಬ ಎರಡು ಸಾಲು ಸಾಕು.

ಇದು ಬರೀ ಕಲಿಕೆಯ ಅನುಕೂಲದ ಮಾತಲ್ಲ. ಅಕ್ಕತಂಗಿಯರಂಥ ಎರಡು ಭಾಷೆಗಳ ನಡುವೆ ಇಂಗ್ಲಿಷ್ ದಲ್ಲಾಳಿಯಾಗಿ ಕೂತಿದೆ. ತಮಿಳು ಕತೆಯೊಂದನ್ನು ನಾವು ಇಂಗ್ಲಿಷ್ ಅನುವಾದದಲ್ಲಿ ಓದಿ ಮೆಚ್ಚುತ್ತೇವೆ, ಮೂಲ ನಮ್ಮ ಪಕ್ಕದ ಬೀದಿಯಲ್ಲೇ ಮಾರಾಟಕ್ಕಿರುತ್ತದೆ. ಆ ದಲ್ಲಾಳಿಯನ್ನು ತಪ್ಪಿಸುವ ಕೆಲಸ ಎರಡೂ ಭಾಷೆಗಳ ನಡುವೆ ದಿನಾ ಓಡಾಡುವ ನಮ್ಮಂಥವರದು. ಇನ್ನೂರು ಪದ, ಹತ್ತು ಜನ. ತಲಾ ಇಪ್ಪತ್ತು ಬಂತು.